ನಾರ್ಮನ್ ರಾಜನೂ ನೀರು ತುಂಬುವಾಕೆಯೂ

ಸಾಲಿಯಲ್ಲಿ ಗಂಟೆ ಹೊಡೆಯುವವನ ಮುಂದೆ ದಿನಾ ಒಂದಿಲ್ಲೊಂದು ನಡೆದೇ ಇರುತ್ತದೆ. ಹುಡುಕಿಕೊಂಡು ಹೋಗಬೇಕಿಲ್ಲ. ಸ್ಟೂಲಿನ ಮೇಲೆ ಸುಮ್ಮನೆ ಕುಂತರೂ ಕಾಣುತ್ತದೆ.

ನಾನು ಶಹಾಪುರದ ಸಾಲಿಯಲ್ಲಿ ಚಪರಾಸಿ ಇದ್ದೆ. ನಿಜಾಮರ ಕಾಲದಲ್ಲಿ ಸೇರಿದೆ. ಹೊಸ ಸರಕಾರ ಬಂದ ಮೇಲೂ ಉಳಿದೆ. ಓದಿದ್ದು ಮೂರನೇ ಇಯತ್ತೆ, ಅದೂ ಉರ್ದು. ಕನ್ನಡ ಅಕ್ಷರ ಆಮೇಲೆ ಕಲಿತೆ. ಅದಕ್ಕೇ ಬರೆಯೋದು ನಿಧಾನ.

ನನ್ನ ಹೆಂಡತಿ ತೀರಿಹೋಗಿ ಎಂಟು ತಿಂಗಳಾಯಿತು. ಅಕಿ ಅದೇ ಸಾಲಿಯಲ್ಲಿ ನೀರು ತುಂಬುತ್ತಿದ್ದಳು. ಒಂದಕ್ಷರ ಬರುತ್ತಿರಲಿಲ್ಲ. ಆದರೆ ನಾರ್ಮನ್ನರು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ ಕಥೆ ಅಕಿಗೆ ಬಂದಷ್ಟು ನಮ್ಮ ತಾಲೂಕಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಇದು ನಾನು ಜಂಬಕ್ಕೆ ಹೇಳುವ ಮಾತೇ. ಅಲ್ಲ ಅನ್ನುವವರು ಬಂದು ಅನ್ನಲಿ.

ಕಿಟಕಿ

ಕುಡಿಯುವ ನೀರಿನ ಹರವಿಗಳು ಪಡಸಾಲೆಯಲ್ಲಿ ಇತಿಹಾಸದ ಕ್ಲಾಸಿನ ಕಿಟಕಿ ಕೆಳಗೆ ಇದ್ದವು. ಮೊದಲು ಇನ್ನೊಂದು ತುದಿಗೆ ಇದ್ದವು. ಅಲ್ಲಿ ಬಿಸಿಲು ಬೀಳುತ್ತದೆ ಅಂತ ಹೇಳಿ ಅಕಿ ಇಲ್ಲಿಗೆ ತಂದಳು. ಬಿಸಿಲು ಎರಡೂ ಕಡೆ ಒಂದೇ ಇತ್ತು. ಪಾಠದ ನಡುವೆ ಯಾರಾದರೂ ನೀರು ಕೇಳಿ ಬಂದರೆ ಅಕಿಯ ಮುಖ ಗಂಟಾಗುತ್ತಿತ್ತು.

ಅಕಿಯನ್ನು ಹಳೆಯ ಹೆಡ್ ಮಾಸ್ತರು ಬಾಯಿಮಾತಿನ ಮೇಲೆ ಇಟ್ಟುಕೊಂಡಿದ್ದರು. ಕಾಗದ ಇರಲಿಲ್ಲ. ಸರಕಾರ ಬದಲಾದ ಮೇಲೆ ಹೊಸ ಹೆಡ್ ಮಾಸ್ತರು ನನ್ನನ್ನು ಕರೆದು ಹೇಳಿದರು: ಕಾಗದ ಇಲ್ಲದವರನ್ನು ಇಡುವುದೋ ಬಿಡುವುದೋ, ಇನ್ಸ್‌ಪೆಕ್ಟರ್ ಸಾಹೇಬರು ಬಂದು ನೋಡಿ ತೀರ್ಮಾನ ಮಾಡುತ್ತಾರೆ.

ಮನೆಗೆ ಬಂದು ಹೇಳಿದೆ. ಅಕಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

"ಇರಲಿ ಬಿಡು," ಅಂದೆ. "ತೆಗದ್ರ ತೆಗೀಲಿ. ಹೊಲದ ಕೆಲಸ ಎಲ್ಲೂ ಹೋಗಿಲ್ಲ."

"ಹೊಲದಾಗ ಇತಿಹಾಸ ಯಾರ್ ಹೇಳ್ತಾರ್ರಿ?" ಅಂದಳು.

ಪಗಾರದ ಮಾತು ಎತ್ತಲೇ ಇಲ್ಲ.

ಎರಡು ಬೆರಳು

ಇತಿಹಾಸದ ಮಾಸ್ತರು ಬಿಜಾಪುರ ಕಡೆಯಿಂದ ಹೊಸದಾಗಿ ಬಂದಿದ್ದರು. ಒಳ್ಳೆ ಮನುಷ್ಯ. ಆದರೆ ನಮ್ಮ ಸಾಲಿಯ ನಕಾಶೆ ಉರ್ದುವಿನದು. ಅವರಿಗೆ ಉರ್ದು ಬಾರದು. ಹುಡುಗರೂ ಕನ್ನಡದಲ್ಲೇ ಕಲಿಯುವವರು, ಉರ್ದು ಅಕ್ಷರ ಬಾರದು. ಹಂಗಾಗಿ ಚಪರಾಸಿ ನಕಾಶೆ ಓದಬೇಕಾಯಿತು. ಗಂಟೆ ಹೊಡೆದು, ಟೋಪಿ ಸರಿ ಮಾಡಿಕೊಂಡು, ಕೋಲು ಹಿಡಿದು ನಿಂತೆ. ನನ್ನ ಜನ್ಮದಲ್ಲಿ ಅಷ್ಟು ಸೆಟೆದು ಯಾವತ್ತೂ ನಿಂತಿಲ್ಲ.

"ಇಂಗ್ಲೆಂಡ್ ಎಲ್ಲೈತಿ?" ಅಂದರು ಮಾಸ್ತರು. ತೋರಿಸಿದೆ.

"ನಾರ್ಮನ್ ರಾಜ ಹೊಂಟಿದ್ದು ಫ್ರಾನ್ಸಿನ ದಂಡಿಯಿಂದ. ಅದೆಲ್ಲೈತಿ?" ತೋರಿಸಿದೆ.

"ನಡುವ ಸಮುದ್ರ ಎಷ್ಟೈತಿ?"

ಬೆರಳಿಟ್ಟು ನೋಡಿದೆ. "ಎರಡು ಬೆರಳು ಅದರಿ."

ಕಿಟಕಿ ಹೊರಗಿಂದ ಅಕಿ ಅಂದಳು: "ಎರಡ ಬೆರಳ ದಾಟಾಕ ಅಷ್ಟು ಹಡಗು ಯಾಕ ಬೇಕಾದ್ವು? ಜಿಗದಿದ್ರ ಆಗ್ತಿತ್ತಲ್ಲ."

ಹುಡುಗರು ನಕ್ಕರು. ಮಾಸ್ತರು ನಗಲಿಲ್ಲ. ಮರುದಿನದಿಂದ ನಕಾಶೆ ಮಡಚಿ ಇಟ್ಟರು. ನನ್ನ ಮಾಸ್ತರಿಕೆ ಒಂದೇ ದಿನಕ್ಕೆ ಮುಗಿಯಿತು.

ಕುದುರೆಯ ಕಣ್ಣು

ಅಕಿ ಕೃಷ್ಣಾ ದಂಡೆಯವಳು. ಅಕಿಯ ಅಪ್ಪ ಹರಿಗೋಲು ಹಾಕಿ ಜನರನ್ನೂ ದನಗಳನ್ನೂ ದಾಟಿಸುತ್ತಿದ್ದ.

ನಾರ್ಮನ್ನರು ಕುದುರೆಗಳನ್ನೂ ಹಡಗಿನಲ್ಲಿ ತಂದರು ಅಂತ ಮಾಸ್ತರು ಪಾಠದಲ್ಲಿ ಹೇಳಿದರು. ಅಷ್ಟು ಹೇಳಿ ಮುಂದೆ ಹೋದರು. ಅಕಿಗೆ ಸಮಾಧಾನ ಆಗಲಿಲ್ಲ. ಕ್ಲಾಸು ಬಿಟ್ಟ ಮೇಲೆ ಪಡಸಾಲೆಯಲ್ಲಿ ಅವರಿಗೆ ಅಡ್ಡ ನಿಂತಳು.

"ಸರ್, ಕುದರಿ ಹೆಂಗ ನಿಂತ್ವು ಅಂತ ಹೇಳಲೇ ಇಲ್ಲ ನೀವು."

"ನಿಂತ್ವು ನೋಡವ್ವಾ, ಹೆಂಗೋ."

"ಹೆಂಗೋ ನಿಂದ್ರಂಗಿಲ್ರಿ. ನೀರು ಕಂಡ್ರ ಬೆದರ್ತಾವ. ಕಣ್ಣಿಗಿ ಅರಬಿ ಕಟ್ಟಬೇಕು. ಕಾಲಾಗ ಹುಲ್ಲು ಹಾಸಬೇಕು. ಒಂದರ ಮಾರಿ ಈ ಕಡಿ, ಇನ್ನೊಂದರ ಮಾರಿ ಆ ಕಡಿ. ಇಲ್ಲಂದ್ರ ಹರಗೋಲು ಮಗಚ್ತದ. ನಮ್ಮಪ್ಪ ಎತ್ತು ಹಂಗೇ ದಾಟಸ್ತಿದ್ದ."

ಮಾಸ್ತರು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು. ಮರುದಿನ ಪಾಠ ಮತ್ತೊಮ್ಮೆ ಹೇಳಿದರು.

ಪರೀಕ್ಷೆಯಲ್ಲಿ ಎಲ್ಲ ಹುಡುಗರೂ ಒಂದೇ ತರ ಬರೆದರು: ನಾರ್ಮನ್ನರು ಕುದುರೆಗಳ ಕಣ್ಣಿಗೆ ಬಟ್ಟೆ ಕಟ್ಟಿ ಹರಿಗೋಲಿನಲ್ಲಿ ದಾಟಿಸಿದರು. ಮಾಸ್ತರು ಎಲ್ಲರಿಗೂ ಪೂರಾ ಮಾರ್ಕು ಕೊಟ್ಟರು. ತಪ್ಪು ಅನ್ನುವ ಧೈರ್ಯ ಅವರಿಗೆ ಇರಲಿಲ್ಲ. ಹೊರಗೆ ಅಕಿ ಇದ್ದಳು.

ಇಂಗ್ಲೆಂಡಿನ ರಾಜ ಗೆದ್ದ ದಿನ

ಆ ಯುದ್ಧ ನಡೆದದ್ದು ಹೀಗೆ. ಇಂಗ್ಲೆಂಡಿನವರು ಗುಡ್ಡದ ಮೇಲೆ ಢಾಲಿಗೆ ಢಾಲು ಹಚ್ಚಿ ಗೋಡೆಯಂಗೆ ನಿಂತರು. ನಾರ್ಮನ್ನರಿಗೆ ಒಡೆಯಲು ಆಗಲಿಲ್ಲ. ಆಗ ಸುಳ್ಳೇ ಹೆದರಿ ಓಡಿದಂಗೆ ಮಾಡಿದರು. ಇಂಗ್ಲೆಂಡಿನವರು ಸಾಲು ಬಿಟ್ಟು ಬೆನ್ನು ಹತ್ತಿದರು. ಅಲ್ಲೇ ಕೆಟ್ಟರು. ಅವರ ರಾಜನೂ ಅಲ್ಲೇ ಸತ್ತ.

ಇದನ್ನು ಬಯಲಿನಲ್ಲಿ ಆಡಿ ತೋರಿಸೋಣ ಅಂದರು ಮಾಸ್ತರು. ಶಹಾಪುರದ ಹುಡುಗರು ನಾರ್ಮನ್ನರು. ಸುರಪುರ ಕಡೆಯಿಂದ ಬಂದು ಓದುವವರು ಇಂಗ್ಲೆಂಡಿನವರು. ಅವರನ್ನು ದಿಬ್ಬದ ಮೇಲೆ ನಿಲ್ಲಿಸಿದರು. ಢಾಲಿಗೆ ಅಕಿ ಮೊರ ಕೊಟ್ಟಳು. ಓಣಿಯ ಮೊರ ಎಲ್ಲಾ ತಂದಿದ್ದಳು.

ನಾರ್ಮನ್ನರು ಏರಿ ಬಂದರು, ಹೊಡೆದರು, ಹೊರಳಿ ಓಡಿದರು. ಸುರಪುರದವರು ಅಲುಗಲಿಲ್ಲ.

"ಬೆನ್ನ ಹತ್ತ್ರಿ," ಅಂದರು ಮಾಸ್ತರು.

ಅಲುಗಲಿಲ್ಲ. ನಾರ್ಮನ್ನರು ಇನ್ನೊಂದು ಸಲ ಬಂದು ಇನ್ನೊಂದು ಸಲ ಓಡಿದರು. ಮೂರನೇ ಸಲಕ್ಕೆ ಅವರಿಗೆ ಏದುಸಿರು ಬಂತು. ಸುರಪುರದವರು ಮೊರ ಹಾಸಿಕೊಂಡು ಕುಂತರು.

"ಯಾಕ್ರೋ, ಇಳೀರಿ ಕೆಳಗ," ಅಂದರು ಮಾಸ್ತರು.

ಇಂಗ್ಲೆಂಡಿನ ರಾಜ ಆದವನು ಕುಂತಲ್ಲಿಂದಲೇ ಹೇಳಿದ: "ಅವರು ಸುಳ್ಳೇ ಓಡಾಕತ್ತಾರ್ರಿ ಸರ್. ನೀವೇ ನಿನ್ನಿ ಹೇಳೀರಲ್ಲ."

ಮಾಸ್ತರು ನನ್ನ ಕಡೆ ನೋಡಿದರು. ನಾನು ಗಂಟೆ ಹೊಡೆದೆ. ಮೊರ ಹೊತ್ತು ಮನೆಗೆ ಬರುತ್ತಾ ಅಕಿ ಅಂದಳು, "ಪಾಪ ಆ ರಾಜ, ಮುಂಚೇನ ಈ ಸಾಲಿಗಿ ಬಂದಿದ್ರ ಉಳೀತಿದ್ದ."

ಕರಿಹಲಗೆಯ ಗದ್ದಿಗೆ

ಗೆದ್ದ ರಾಜ ಅದೇ ಜಾಗದಲ್ಲಿ ಸನ್ಯಾಸಿಗಳಿಗೆ ಒಂದು ಮಠ ಕಟ್ಟಿಸಿದ. ಸತ್ತವರ ಪಾಪ ಕಳೆಯಲಿ ಅಂತ. ಸೋತ ರಾಜ ಬಿದ್ದ ನೆಲದ ಮೇಲೇ ಪೂಜೆಯ ಪೀಠ ಬರಬೇಕು, ಆಚೆ ಈಚೆ ಸರಿಯಬಾರದು ಅಂದ.

ಮಾಸ್ತರು ಮಠದ ಚಿತ್ರ ಸೀಮೆಸುಣ್ಣದಲ್ಲಿ ಕರಿಹಲಗೆ ತುಂಬ ಬರೆದರು. ಚಂದ ಬರೆದಿದ್ದರು. ಸಂಜೆ ಒರೆಸಲು ಬಟ್ಟೆ ತಗೊಂಡೆ. ಅಕಿ ಕೈ ಹಿಡಿದಳು. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬಂದಿದ್ದಳು.

"ಏನ್ ಮಾಡಾಕತ್ತೀರಿ?"

"ಹಲಗಿ ಒರಸಾಕತ್ತೀನಿ."

"ರಾಜ ಬಿದ್ದ ಜಾಗಾದಾಗ ಕಟ್ಟ್ಯಾರಂದ್ರ ಅದು ಗದ್ದಿಗಿ ಅಲ್ಲೇನ್ರಿ? ಗದ್ದಿಗಿ ಒರಸ್ತಾರ ಯಾರರ?"

ನಮ್ಮ ಕಡೆ ಸ್ವಾಮಿಗಳನ್ನು ಸಮಾಧಿ ಮಾಡಿದ ಗದ್ದಿಗೆಗೆ ಕೈ ಮುಗಿಯದೆ ಯಾರೂ ದಾಟುವುದಿಲ್ಲ. ನನಗೂ ಕೈ ಏಳಲಿಲ್ಲ. ಬಟ್ಟೆ ಇಟ್ಟೆ.

ಬೆಳಿಗ್ಗೆ ಮೊದಲ ತಾಸು ಗಣಿತ. ಆ ಮಾಸ್ತರು ಬಂದು ನೋಡುತ್ತಾರೆ, ಹಲಗೆ ತುಂಬ ಮಠ. ಕೆಳಗೆ ಎರಡು ಕಣಗಿಲ ಹೂವು. ಪೀಠ ಇದ್ದ ಕಡೆ ಮೂರು ಬೆರಳು ವಿಭೂತಿ. ಅವರು ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದರು. ಮೂಲೆಯಲ್ಲಿ ಉಳಿದ ಗೇಣು ಜಾಗದಲ್ಲಿ ಬಡ್ಡಿ ಲೆಕ್ಕ ಬರೆದರು.

ಮೂರು ದಿನ ಹಂಗೇ ನಡೆಯಿತು. ನಾಲ್ಕನೆಯ ದಿನ ದೊಡ್ಡ ಭಾಗಾಕಾರ ಬಂತು. ಆಗ ಗಣಿತದ ಮಾಸ್ತರು ಅಕಿಯ ಹತ್ತಿರವೇ ಹೋಗಿ, "ಅವ್ವಾ, ಮಠ ಸ್ವಲ್ಪ ಸರಸ್ಲೇನ?" ಅಂತ ಕೇಳಿದರು.

"ಆ ರಾಜನೇ ಒಪ್ಪಲಿಲ್ರಿ ಸರ್," ಅಂದಳು.

ಇನ್ಸ್‌ಪೆಕ್ಟರ್ ಸಾಹೇಬರು

ಕಡೆಗೆ ಆ ದಿನ ಬಂತು. ಸಾಹೇಬರು ಯಾದಗಿರಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಮೋಟಾರಿನಲ್ಲಿ ಬಂದರು. ಅಕಿ ನಸುಕಿನಲ್ಲೇ ಎದ್ದು ಹರವಿ ತಿಕ್ಕಿ ತುಂಬಿದ್ದಳು. ಉಂಡಿರಲಿಲ್ಲ. ನಾನೂ ಉಂಡಿರಲಿಲ್ಲ.

ದಫ್ತರದಲ್ಲಿ ಸಾಹೇಬರು ಹೆಸರಿನ ಪಟ್ಟಿ ನೋಡಿದರು. "ಈ ನೀರಿನ ಹೆಂಗಸಿನ ಹುಕುಂ ಎಲ್ಲಿ?"

"ಹುಕುಂ ಇಲ್ರಿ," ಅಂದರು ಹೆಡ್ ಮಾಸ್ತರು.

"ಹಂಗಾದ್ರ ತೆಗೀಬೇಕಾಗ್ತದ. ಇರಲಿ, ಮೊದಲ ಕ್ಲಾಸು ನೋಡೂಣು."

ಇತಿಹಾಸದ ಕ್ಲಾಸಿಗೆ ಹೋದರು. ನಾನು ಬಾಗಿಲಲ್ಲಿ ನಿಂತೆ. ಸಾಹೇಬರು ಕೇಳಿದರು: "ರಾಜ ಗುಡ್ಡದ ಮ್ಯಾಲೇ ಮಠ ಕಟ್ರಿ ಅಂದ. ಸನ್ಯಾಸಿಗಳು ದೂರ ಬ್ಯಾರೆ ಕಡಿ ಕಟ್ಟಾಕ ಹತ್ತಿದ್ರು. ಯಾಕ?"

ಒಬ್ಬ ಹುಡುಗನೂ ಎದ್ದೇಳಲಿಲ್ಲ.

ಕಿಟಕಿಯಿಂದ ಸಣ್ಣಗೆ ದನಿ ಬಂತು. "ಗುಡ್ಡದ ಮ್ಯಾಲ ನೀರಿಲ್ಲ ಅಂದ್ರರಿ."

ಸಾಹೇಬರು ಹೊರಗೆ ಬಂದರು. ಅಕಿ ಸೆರಗು ಹೊದ್ದು ನಿಂತಿದ್ದಳು. "ಯಾರವ್ವಾ ನೀನು?"

"ಹುಕುಂ ಇಲ್ಲದಾಕಿರಿ."

ಸಾಹೇಬರು ಅಕಿಯನ್ನೇ ನೋಡಿದರು. "ಮತ್ತ ರಾಜ ಏನಂದ, ಗೊತ್ತದ?"

"ಗೊತ್ತದರಿ. ಬ್ಯಾರೆ ಮಠದಾಗ ನೀರು ಎಷ್ಟರ ಇರಲಿ, ಅದಕ್ಕಿಂತ ಹೆಚ್ಚು ದ್ರಾಕ್ಷಿ ಸೆರೆ ನಿಮಗ ಕುಡಿಯಾಕ ಕೊಡ್ತೀನಿ, ಇಲ್ಲೇ ಕಟ್ರಿ ಅಂದ." ಹರವಿ ಕಡೆ ಕೈ ಮಾಡಿ ಹೇಳಿದಳು: "ಅಲ್ಲಿ ನಡೀತದರಿ ಅದು. ಈ ಸಾಲ್ಯಾಗ ನಡಿಯಂಗಿಲ್ರಿ. ಇಲ್ಲಿ ನೀರೇ ಬೇಕು."

ಸಾಹೇಬರು ಪಡಸಾಲೆಯ ಬೆಂಚಿನ ಮೇಲೆ ಕುಂತುಬಿಟ್ಟರು. ಕಣ್ಣಲ್ಲಿ ನೀರು ಬರುವಂಗೆ ನಕ್ಕರು. ನೀರು ಕೇಳಿ ಕುಡಿದರು. ತನಿಖೆಯ ಪುಸ್ತಕ ಅಲ್ಲಿಗೇ ತರಿಸಿ ಅಕಿಯನ್ನು ಖಾಯಂ ಮಾಡಬೇಕೆಂದು ಬರೆದು ಸಹಿ ಹಾಕಿದರು. ನನ್ನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತ್ತು.

"ಇನ್ನೇನರ ಬೇಕೇನವ್ವಾ?" ಅಂದರು.

"ಒಂದದರಿ ಸಾಹೇಬ್ರ," ಅಂದಳು ಅಕಿ. "ಇತಿಹಾಸದ ತಾಸಿನ್ಯಾಗ ಈ ಸಾಲ್ಯಾಗ ಯಾರಿಗೂ ನೀರಡಿಕಿ ಆಗಬಾರದು ಅಂತ ಒಂದು ಹುಕುಂ ಬರದು ಕೊಡ್ರಿ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದರು. ಮತ್ತೆ ತೆಗೆದು ಅದನ್ನೂ ಬರೆದರು.