ಮೂರು ಕಂಪನಿ, ಒಂದೇ ಏಣಿ

"ಇನ್ನು ಈ ಜನ್ಮದಲ್ಲಿ ಯಾವ ಇಂಟರ್‌ನೆಟ್ ಕಂಪನಿಗೂ ಒಂದು ತಿಂಗಳಿಗಿಂತ ಜಾಸ್ತಿ ಬರೆದುಕೊಡಲ್ಲ ಕಣೇ!"

ಶನಿವಾರ ಬೆಳಗ್ಗೆ ಕಾಫಿ ಲೋಟ ಕೆಳಗಿಡುವ ಮೊದಲೇ ಬ್ಯಾಟರಾಯನಪುರದ ವೇಣುಗೋಪಾಲರು ಹೀಗೊಂದು ಭೀಷಣ ಪ್ರತಿಜ್ಞೆ ಮಾಡಿದರು. ಕಾರಣವಿಲ್ಲದೆ ಮಾಡಿದ್ದಲ್ಲ. ಹಳೆಯ ಕಂಪನಿಯವರು ಒಂದು ವರ್ಷದ ಕರಾರಿಗೆ ಸಹಿ ಹಾಕಿಸಿಕೊಂಡು, ಮೂರು ತಿಂಗಳು ಇಂಟರ್‌ನೆಟ್ಟನ್ನೂ ಮಿಕ್ಕ ಒಂಬತ್ತು ತಿಂಗಳು ಬರೀ ದೂರು ಸಂಖ್ಯೆಗಳನ್ನೂ ಸರಬರಾಜು ಮಾಡಿದ್ದರು. ಆ ಕರಾರು ಶುಕ್ರವಾರಕ್ಕೆ ಮುಗಿದಿತ್ತು. ಮುಂದುವರಿಸೋಣವೇ ಎಂದು ಫೋನ್ ಮಾಡಿದ ಹುಡುಗಿಗೆ ವೇಣುಗೋಪಾಲರು ಇಪ್ಪತ್ತು ನಿಮಿಷ ಭಾಷಣ ಬಿಗಿದಿದ್ದರು. ಆಕೆ ಹತ್ತೊಂಬತ್ತು ನಿಮಿಷದ ಹಿಂದೆಯೇ ಫೋನ್ ಇಟ್ಟಿದ್ದು ಅವರಿಗೆ ಕೊನೆಯಲ್ಲಿ ಗೊತ್ತಾಯಿತು.

ವೇಣುಗೋಪಾಲರು ಮೂವತ್ತೊಂದು ವರ್ಷ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಮೂರು ಕೊಟೇಶನ್ ಇಲ್ಲದೆ ಗುಂಡುಪಿನ್ನನ್ನೂ ಕೊಂಡವರಲ್ಲ. ಕೊತ್ತಂಬರಿ ಸೊಪ್ಪಿಗೂ ಮೂರು ತಳ್ಳುಗಾಡಿಯ ದರ ವಿಚಾರಿಸುವರು. ಅವರು ಸೊಪ್ಪು ತರುವಷ್ಟರಲ್ಲಿ ಮನೆಯಲ್ಲಿ ಸಾರು ಇಳಿಸಿ, ಊಟ ಮುಗಿದು, ತಟ್ಟೆ ತೊಳೆದಾಗಿರುತ್ತಿತ್ತು.

"ನೀವು ಏನಾದ್ರೂ ಮಾಡ್ಕೊಳ್ಳಿ," ಎಂದರು ಹೆಂಡತಿ ಕೌಸಲ್ಯಾ. "ಸೋಮವಾರ ಸಂಜೆ ಐದಕ್ಕೆ ನಂಗೆ ನೆಟ್ ಇರ್ಬೇಕು, ಅಷ್ಟೇ."

ಕೌಸಲ್ಯಾ ದೇವರನಾಮ ಹೇಳಿಕೊಡುವವರು. ಬಡಾವಣೆಯ ಮಕ್ಕಳೆಲ್ಲ ಟ್ಯೂಷನ್ನು, ಕರಾಟೆ ಎಂದು ಚದುರಿಹೋಗಿ, ಎರಡು ವರ್ಷದಿಂದ ಅವರ ಹಾರ್ಮೋನಿಯಂ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಈಗ ಅವರಿವರನ್ನು ಕೇಳಿ, ವಾಟ್ಸಾಪಿನಲ್ಲಿ ಹಾಕಿ, ದೂರದೂರುಗಳ ಹನ್ನೆರಡು ಜನರನ್ನು ಕಲೆಹಾಕಿದ್ದರು. ಸೋಮವಾರದ್ದು ಉಚಿತ ಪಾಠ. ಹಿಡಿಸಿದರೆ ಸೇರುತ್ತಾರೆ, ಇಲ್ಲದಿದ್ದರೆ ಇಲ್ಲ. ಮೇಲೆ ಗಟ್ಟಿಯಾಗಿ ಮಾತಾಡಿದರೂ ಆಕೆಗೆ ಒಳಗೊಳಗೇ ಪುಕುಪುಕು. ಮೊದಲ ಸಾಲಿಗೇ ನೆಟ್ ನಿಂತು, ಹನ್ನೆರಡು ಜನರ ಮುಂದೆ ತೆರೆದ ಬಾಯಿ ತೆರೆದ ಹಾಗೇ ತಾನು ಪರದೆಗೆ ಅಂಟಿಕೊಂಡರೆ ಏನು ಗತಿ ಎಂದು ದೇವರಿಗೆ ತುಪ್ಪದ ದೀಪ ಹರಸಿಕೊಂಡಿದ್ದರು.

"ತೀರಾ ಕಷ್ಟ ಅಂದ್ರೆ ಮೊಬೈಲ್‌ನಲ್ಲೇ ಪಾಠ ಮಾಡ್ಬಹುದಲ್ಲ?"

"ಬಚ್ಚಲುಮನೆ ಬಾಗಿಲಲ್ಲಿ ಕೂತ್ಕೊಂಡು ದೇವರನಾಮ ಹೇಳ್ಲಾ?" ಎಂದು ಕೌಸಲ್ಯಾ ಕಣ್ಣು ಬಿಟ್ಟರು. ಆ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಪುಣ್ಯಸ್ಥಳ ಅದೊಂದೇ.

ವೇಣುಗೋಪಾಲರು ಆ ಪುಣ್ಯಸ್ಥಳದಲ್ಲೇ ಸ್ಟೂಲು ಹಾಕಿಕೊಂಡು ಊರಿನ ಕಂಪನಿಗಳಿಗೆಲ್ಲ ಫೋನ್ ಹಚ್ಚಿದರು. ಆರು ತಿಂಗಳು ತಗೊಳ್ಳಿ ಸಾರ್ ಎಂದವನಿಗೆ "ಒಂದೇ ತಿಂಗಳು!" ವರ್ಷಕ್ಕಾದರೆ ಬಾಕ್ಸ್ ಫ್ರೀ ಎಂದವನಿಗೂ "ಒಂದೇ ತಿಂಗಳು!" ಸಂಜೆಯ ಹೊತ್ತಿಗೆ ಮೂರು ಕಂಪನಿಗಳು ಶರಣಾದವು.

"ಮೂರರಲ್ಲಿ ಯಾವುದು ಗಟ್ಟಿ ಮಾಡಿದ್ರಿ?"

"ಮೂರೂ!"

ಕೌಸಲ್ಯಾ ಕೈಲಿದ್ದ ಸೌಟು ಹಾಗೇ ನಿಂತಿತು.

"ಟ್ರಯಲ್ ಆರ್ಡರ್ ಕಣೇ! ಒಂದು ಕೆಟ್ರೆ ಇನ್ನೊಂದು, ಅದೂ ಕೆಟ್ರೆ ಮತ್ತೊಂದು. ತಿಂಗಳ ಕೊನೇಲಿ ಗೆದ್ದೋನಿಗೆ ಇನ್ನೊಂದು ತಿಂಗಳು ಕೊಡೋದು!"

"ಹೆಣ್ಣು ನೋಡೋವಾಗ್ಲೂ ಹೀಗೇ ಮೂರು ನೋಡಿದ್ರಾ?"

"ನೋಡಿದ್ದೆ. ಎರಡು ಕಡೆ ಅವರೇ ಬೇಡ ಅಂದ್ರು," ಎಂದರು ವೇಣುಗೋಪಾಲರು ಪ್ರಾಮಾಣಿಕವಾಗಿ.

ಭಾನುವಾರ ಒಂಬತ್ತಕ್ಕೆ ಮೊದಲ ಕಂಪನಿಯ ಲೈನ್‌ಮನ್ ಮುನಿಕೃಷ್ಣಪ್ಪ ಏಣಿ ಹೊತ್ತು, ನೀಲಿ ಟೋಪಿ ಹಾಕಿಕೊಂಡು ಬಂದ. ವೈರು ಎಳೆದ, ಕಾಫಿ ಕುಡಿದ, ಹೋದ. ಹನ್ನೆರಡಕ್ಕೆ ಎರಡನೇ ಕಂಪನಿಯಿಂದ ಕೆಂಪು ಟೋಪಿಯವನು ಬಂದ. ಅವನೂ ಮುನಿಕೃಷ್ಣಪ್ಪನೇ! ನಾಲ್ಕು ಗಂಟೆಗೆ ಹಸಿರು ಟೋಪಿ ಗೇಟು ತೆಗೆದಾಗ ವೇಣುಗೋಪಾಲರು ಕನ್ನಡಕ ಒರೆಸಿಕೊಂಡು ನೋಡಿದರು.

"ಏನಯ್ಯಾ, ಮತ್ತೆ ನೀನೇನಾ?"

"ಕಂಪನಿ ಮೂರಾದ್ರೂ ಏಣಿ ಒಂದೇ ಸಾರ್. ಈ ಏರಿಯಾಗೆಲ್ಲ ನಾನೊಬ್ನೇ," ಎಂದ ಮುನಿಕೃಷ್ಣಪ್ಪ, ಅಡುಗೆಮನೆಯ ಕಡೆ ತಿರುಗಿ, "ಅಕ್ಕಾ, ಈ ಸಲ ಸಕ್ಕರೆ ಸ್ವಲ್ಪ ಕಡ್ಮೆ ಇರ್ಲಿ."

ಮೂರು ವೈರೂ ಎದುರಿನ ಕಂಬದಿಂದ ಹೊರಟು, ಪಕ್ಕದ ಮನೆ ರತ್ನಕ್ಕನ ತಾರಸಿಯ ಕಬ್ಬಿಣದ ಪೈಪು ಹಿಡಿದು, ಇವರ ಕಿಟಕಿಗೆ ಇಳಿದವು. ಅಚ್ಚುಕಟ್ಟಾಗಿರಲಿ ಎಂದು ಮುನಿಕೃಷ್ಣಪ್ಪ ಮೂರನ್ನೂ ಒಟ್ಟು ಸೇರಿಸಿ ಜಡೆಯಂತೆ ಬಿಗಿದಿದ್ದ.

"ರತ್ನಕ್ಕಂಗೆ ಒಂದ್ಮಾತು ಹೇಳಿದ್ರಾ?" ಎಂದು ಕೇಳಿದರು ಕೌಸಲ್ಯಾ. ಬೇರೆಯವರ ತಾರಸಿ ಮೇಲೆ ವೈರು ಹಾಯಿಸುವಾಗ ಮನೆಯವರನ್ನು ಕೇಳುವುದು ಆ ಬೀದಿಯ ಮರ್ಯಾದೆ.

"ತಿಂಗಳ ವೈರಿಗೆಲ್ಲ ಯಾರು ಪರ್ಮಿಷನ್ ಕೇಳ್ತಾರೆ? ವರ್ಷದ ಕರಾರಾಗಿದ್ರೆ ಖಂಡಿತ ಕೇಳ್ತಿದ್ದೆ!"

ಸೋಮವಾರ ಟಿ.ವಿ. ಪಕ್ಕದಲ್ಲಿ ಮೂರು ಬಾಕ್ಸುಗಳು ಹಸಿರು ದೀಪ ಹೊತ್ತಿಸಿಕೊಂಡು ಕುಳಿತಿದ್ದವು. ವೇಣುಗೋಪಾಲರು ಅವುಗಳ ಮುಂದೆ ಮೀಸೆ ತಿರುವುತ್ತಾ ಅಡ್ಡಾಡಿದರು. ನಾಲ್ಕೂವರೆಗೆ ಕೌಸಲ್ಯಾ ರೇಷ್ಮೆ ಸೀರೆ ಉಟ್ಟು ಹಾರ್ಮೋನಿಯಂ ಮುಂದೆ ಕುಳಿತರು. ನಾಲ್ಕು ನಲವತ್ತಕ್ಕೆ ಮೂರೂ ದೀಪ ಒಟ್ಟಿಗೇ ಕೆಂಪಾದವು!

"ರೀ!"

ವೇಣುಗೋಪಾಲರು ಬಚ್ಚಲುಮನೆಗೆ ಓಡಿ ಮೂರು ಕಂಪನಿಗೂ ಫೋನ್ ಮಾಡಿದರು. ಮೂವರ ಉತ್ತರವೂ ಒಂದೇ. "ತಿಂಗಳ ಪ್ಲಾನ್ ಅಲ್ವಾ ಸಾರ್? ವರ್ಷದವರ ಕಂಪ್ಲೇಂಟ್ ಎಲ್ಲಾ ಮುಗೀಲಿ, ಆಮೇಲೆ ನಿಮ್ ಸರದಿ." ಮುನಿಕೃಷ್ಣಪ್ಪನಿಗೇ ಮಾಡಿದರೆ, "ಹೆಬ್ಬಾಳದ ಟ್ರಾಫಿಕ್‌ನಲ್ಲಿದೀನಿ ಸಾರ್. ಬೈಕ್ ಮೇಲೆ ಏಣಿ ಐತೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ!" ಎಂದ.

ಒಳಗೆ ಕೌಸಲ್ಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು, ಕಣ್ಣು ತುಂಬಿತ್ತು. ಬೈದಿದ್ದರೆ ವೇಣುಗೋಪಾಲರಿಗೆ ಅಭ್ಯಾಸವಿತ್ತು, ಇದನ್ನು ಅವರಿಂದ ತಡೆಯಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ ರತ್ನಕ್ಕನ ತಾರಸಿಗೆ ಓಡಿದರು.

ಅಲ್ಲಿ ಮೂರು ವೈರಿನ ಜಡೆಯ ಮೇಲೆ ಆಗ ತಾನೇ ಒಗೆದ ದೊಡ್ಡ ಜಮಖಾನೆಯೊಂದು ನೀರು ಸುರಿಸುತ್ತಾ ನೇತಾಡುತ್ತಿತ್ತು!

"ಯಾರೋ ಪುಣ್ಯಾತ್ಮರು ಬಟ್ಟೆ ಒಣಗಿಸೋಕೆ ಕಟ್ಟಿದಾರೆ ಅಂದ್ಕೊಂಡೆ ಸಾರ್," ಎಂದರು ರತ್ನಕ್ಕ. "ಮೂರೆಳೆ ದಾರ, ಎಷ್ಟು ಗಟ್ಟಿ! ನಿಮ್ದಾ? ಒಂದ್ಮಾತು ಹೇಳ್ಬಾರ್ದಾ?"

ಜಮಖಾನೆ ಎಳೆದುಹಾಕಿದರೂ ಅದರ ಭಾರಕ್ಕೆ ಬಾಗಿದ್ದ ಪೈಪು ಏಳಲಿಲ್ಲ. ವೈರುಗಳು ತಾರಸಿಯ ಗೋಡೆಯಂಚಿಗೆ ಮಡಚಿಕೊಂಡು ಬಿದ್ದಿದ್ದವು. ವೇಣುಗೋಪಾಲರು ಬಟ್ಟೆ ಒಣಹಾಕುವ ಕೋಲಿನಿಂದ ಅವನ್ನು ಮೆಲ್ಲಗೆ ಮೇಲೆತ್ತಿದರು.

"ಬಂತೂ!" ಕೆಳಗಿನಿಂದ ಕೌಸಲ್ಯಾ ಕೂಗಿದರು.

ಕೋಲನ್ನು ಪೈಪಿಗೆ ಕಟ್ಟಲು ಹೋದರು.

"ಹೋಯ್ತೂ!"

ಗೋಡೆಗೆ ಒರಗಿಸಿದರು. ಹೋಯ್ತು. ಇಟ್ಟಿಗೆ ಕೊಟ್ಟು ನಿಲ್ಲಿಸಿದರು. ಹೋಯ್ತು. ಕೈಯಲ್ಲಿ ಹಿಡಿದು, ತಲೆಯ ಮೇಲೆತ್ತಿ, ಎಡಕ್ಕೆ ಒಂದು ಚೂರು ವಾಲಿದಾಗ ಮಾತ್ರ ಬಂತು. ಗಂಟೆ ಐದಾಯಿತು. ನಿವೃತ್ತ ಖರೀದಿ ವ್ಯವಸ್ಥಾಪಕರು ಎಡಕ್ಕೆ ವಾಲಿಕೊಂಡೇ ನಿಂತರು.

ಕೆಳಗಿನಿಂದ ಶ್ರುತಿ ಕೇಳಿಸಿತು. ಮೊದಲ ಸಾಲಿನಲ್ಲಿ ಕೌಸಲ್ಯಾ ಕಂಠ ಸ್ವಲ್ಪ ನಡುಗಿತು, ಎರಡನೆಯದರಲ್ಲಿ ನೆಲೆ ನಿಂತಿತು. ಎರಡು ವರ್ಷದಿಂದ ಮನೆಯಲ್ಲಿ ಈ ದನಿ ಇರಲಿಲ್ಲ ಎನ್ನುವುದು ವೇಣುಗೋಪಾಲರಿಗೆ ಈಗ ಹೊಳೆಯಿತು. ತೋಳು ಸೇದಿತು, ಬೆನ್ನು ಹಿಡಿಯಿತು, ಮೂಗಿನ ಮೇಲೆ ನೊಣ ಕೂತು ಎದ್ದು ಮತ್ತೆ ಕೂತಿತು. ರತ್ನಕ್ಕ ತಂದಿಟ್ಟ ಕಾಫಿ ಕಣ್ಣೆದುರೇ ಆರಿ ಕೆನೆಗಟ್ಟಿತು. ಆದರೂ ಅವರು ಕೋಲು ಬಿಡಲಿಲ್ಲ, ಬಿಡಬೇಕೆಂದು ಅನ್ನಿಸಲೂ ಇಲ್ಲ.

ಆರು ಗಂಟೆಗೆ ಕೌಸಲ್ಯಾ ಏದುಸಿರು ಬಿಡುತ್ತಾ ತಾರಸಿಗೆ ಬಂದರು.

"ಬಿಡ್ಲಾ?" ಎಂದರು ವೇಣುಗೋಪಾಲರು ಕ್ಷೀಣವಾಗಿ.

"ಬಿಡಿ, ಬಿಡಿ! ಹನ್ನೆರಡು ಜನಾನೂ ಸೇರ್ಕೊಂಡ್ರು ಕಣ್ರೀ! ಒಂದ್ ಸಲಾನೂ ನಿಲ್ಲಲಿಲ್ಲ! ಇಷ್ಟು ಚೆನ್ನಾಗಿರೋ ನೆಟ್ ಯಾವ ಕಂಪನೀದು ಅಂತ ಕೇಳಿದ್ರು."

"ಏನಂದೆ?"

"ನಮ್ಮ ಯಜಮಾನ್ರದು ಅಂದೆ."

ವೇಣುಗೋಪಾಲರ ಎದೆ ಒಂದಂಗುಲ ಉಬ್ಬಿತು. ತೋಳು ಮಾತ್ರ ಇನ್ನೂ ಕೆಳಗಿಳಿಯಲು ಒಪ್ಪಿರಲಿಲ್ಲ.

"ಸೋಮವಾರ, ಬುಧವಾರ, ಶುಕ್ರವಾರ ಪಾಠ," ಕೌಸಲ್ಯಾ ಸಂಭ್ರಮದಿಂದ ಮುಂದುವರಿಸಿದರು. "ತಿಂಗಳು ತಿಂಗಳು ಸೇರೋ ರಗಳೆ ಯಾರಿಗೂ ಬೇಡ್ವಂತೆ. ಎಲ್ರೂ ಒಟ್ಟಿಗೆ ಒಂದು ವರ್ಷಕ್ಕೇ ಸೇರ್ಕೊಂಡಿದಾರೆ!"

ವೇಣುಗೋಪಾಲರು ಕೋಲನ್ನು ನೋಡಿದರು. ರತ್ನಕ್ಕ ಮಾತ್ರ ಒದ್ದೆ ಜಮಖಾನೆಯನ್ನು ಹೆಗಲಿಗೇರಿಸುತ್ತಾ ಸಮಾಧಾನ ಹೇಳಿದರು.

"ಬುಧವಾರದಿಂದ ಇಲ್ಲೊಂದು ಕುರ್ಚಿ ಹಾಕಿರ್ತೀನಿ ಸಾರ್. ವರ್ಷವೆಲ್ಲ ನಿಂತ್ಕೊಳಕ್ಕಾಗುತ್ತಾ?"