ಊಟಕ್ಕೆ ಕುಳಿತವರ ಅಡಿಯಲ್ಲಿದ್ದ ಫಿರಂಗಿಯ ಬಗ್ಗೆ

ಇಲಾಖಾ ಕಚೇರಿ, ಶಿಕಾರಿಪುರ
ಸಂಖ್ಯೆ: ಕೋಟೆ/ಫಿರಂಗಿ/ಬುತ್ತಿ/17/58-59
ದಿನಾಂಕ: 9-2-1959

ಸುತ್ತೋಲೆ

ವಿಷಯ: ಸೊರಬದ ಕಡೆಯ ಗುಡ್ಡದ ಕೋಟೆಗೆ ಸಿಬ್ಬಂದಿಯ ಒಂದು ದಿನದ ಭೇಟಿ, ಸದರಿ ಭೇಟಿಯಲ್ಲಿ ಕಾಣೆಯಾದ ಫಿರಂಗಿ, ಕೋಟೆ ಕಾವಲುಗಾರ ಶ್ರೀ ಜಟ್ಟಪ್ಪನವರ ನೌಕರಿ.

ಉಲ್ಲೇಖ: 1) ಜಟ್ಟಪ್ಪನವರ ಹೇಳಿಕೆ. 2) ಜಮಖಾನದ ಮಾಲೀಕ ಶ್ರೀ ವಲೀಸಾಬ್ ಇವರ ತಕರಾರು ಅರ್ಜಿ. 3) ಜಮಖಾನ.

ದಿನಾಂಕ 18-1-1959ರ ಭಾನುವಾರ ಸಿಬ್ಬಂದಿಯು ಕೋಟೆಗೆ ಭೇಟಿ ನೀಡಿ, ಹೇಗೂ ಬಂದದ್ದಾಯಿತೆಂದು ದಾಸ್ತಾನು ಎಣಿಕೆಯನ್ನೂ ನಡೆಸಲಾಗಿ, ದಫ್ತರದಲ್ಲಿ ನಮೂದಾಗಿದ್ದ ಎರಡು ಫಿರಂಗಿಗಳ ಪೈಕಿ ಒಂದು ಮಾತ್ರ ಕಂಡುಬಂದಿರುತ್ತದೆ. ಎಣಿಕೆಯ ವೇಳೆಯಲ್ಲಿ ನಾಲ್ವರು ಅಧಿಕಾರಿಗಳು ಮಣ್ಣಿನಲ್ಲಿ ಅರ್ಧ ಹೂತ ಒಂದು ದಿಮ್ಮಿಯ ಮೇಲೆ ಜಮಖಾನ ಹಾಸಿ ಊಟಕ್ಕೆ ಕುಳಿತಿದ್ದರು. ಅದು ದಿಮ್ಮಿಯಾಗಿರಲಿಲ್ಲ.

1. ಈ ಸಂಗತಿ ಗೊತ್ತಿದ್ದೂ ಸುಮ್ಮನಿದ್ದುದೇಕೆಂದು ಕೇಳಲಾಗಿ, ಜಟ್ಟಪ್ಪನವರು ಈ ಕೆಳಕಂಡಂತೆ ಹೇಳಿರುತ್ತಾರೆ: "ಉಣ್ಣಾಕೆ ಕುಂತೋರ್ನ ಎಬ್ಬಿಸಬಾರ್ದು ಅಂತ ನಮ್ಮವ್ವ ಹೇಳಿಕೊಟ್ಟಾಳ್ರೀ. ಅದೂ ಎರಡನೇ ಸಲ ಸಾರು ಹಾಕಿಸ್ಕಂತಿದ್ರು. ಫಿರಂಗಿ ಎಲ್ಲಿಗೆ ಹೋಗ್ತೈತ್ರೀ? ಕೈ ತೊಳೀಲಿ, ಹೇಳಾಣ ಅಂತ ನಿಂತ್ಕಂಡೆ."

2. ಕೈ ತೊಳೆದ ಕೂಡಲೇ ಸದರಿಯವರು ಹೇಳಿದ್ದು ನಿಜ. ಆದರೆ ಅಷ್ಟರಲ್ಲಿ ಎಣಿಕೆಗೆ ಸಹಿಯಾಗಿತ್ತು. ಸಹಿಯಾದ ಮೇಲೆ ಕಂಡ ಫಿರಂಗಿಯನ್ನು ಕಾಣಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ, ಅವರನ್ನು ಅಂದೇ ಕೆಲಸದಿಂದ ಬಿಡಿಸಲಾಗಿದೆ. ಇದರಿಂದ ಅವರಿಗೆ ತುಂಬ ದುಃಖವಾಗಿರುತ್ತದೆ. ಸದರಿ ದುಃಖವನ್ನು ಕಡತದಲ್ಲಿ ಗಮನಿಸಲಾಗಿದೆ.

3. ತರುವಾಯ ವಲೀಸಾಬ್ ಇವರು ತಮ್ಮ ಜಮಖಾನದ ಮೇಲೆ ಆರು ಮೊಳ ಉದ್ದದ ಹರಳೆಣ್ಣೆ ಕಲೆಯಾಗಿದೆಯೆಂದು ತಕರಾರು ಸಲ್ಲಿಸಿರುತ್ತಾರೆ. ಸಾಹೇಬರು ಬರುತ್ತಾರೆಂದು ಜಟ್ಟಪ್ಪನವರು ಹಿಂದಿನ ದಿನವೇ ಫಿರಂಗಿಗಳಿಗೆ ಹರಳೆಣ್ಣೆ ಸವರಿ ಮಿರಮಿರ ಮಿಂಚಿಸಿದ್ದು ವಿಚಾರಣೆಯಿಂದ ತಿಳಿದುಬಂದಿದೆ. ಇದೇ ಕಲೆಯು ನಾಲ್ವರು ಅಧಿಕಾರಿಗಳ ಷರಾಯಿಗಳ ಹಿಂಭಾಗದಲ್ಲೂ ಇದ್ದು, ಮನೆಯವರಿಂದ ದೃಢೀಕರಿಸಲ್ಪಟ್ಟಿದೆ.

4. ಆದ್ದರಿಂದ ಇನ್ನು ಮುಂದೆ ಕೋಟೆಯಲ್ಲಿ ಕುಳಿತುಕೊಳ್ಳುವ ಮುನ್ನ ಆಸನವನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟತಕ್ಕದ್ದು. 'ಟಕ್' ಎಂದರೆ ಮರ. 'ಟಣ್' ಎಂದರೆ ಆಯುಧ. ಬೈಗುಳ ಕೇಳಿಬಂದಲ್ಲಿ ಮಲಗಿರುವ ಸಹೋದ್ಯೋಗಿಯೆಂದು ತಿಳಿದು ಮುಂದೆ ಹೋಗತಕ್ಕದ್ದು.

5. ಎರಡನೇ ಸಲ ಸಾರು ಹಾಕಿಸಿಕೊಳ್ಳುವವರು ಎದ್ದು ನಿಂತು ಹಾಕಿಸಿಕೊಳ್ಳತಕ್ಕದ್ದು. ಆ ಅವಧಿಯಲ್ಲಿ ಅವರ ಅಡಿಯಲ್ಲಿರುವುದನ್ನು ಎಣಿಸಿ ಮುಗಿಸಲಾಗುವುದು.

6. ಸಹಿ ಮಾಡಿದ ಎಣಿಕೆಯನ್ನು ತಿದ್ದಲು ಬಾರದು. ಕಾಣೆಯಾದ ಫಿರಂಗಿಯು ಕಾಣೆಯಾಗಿಯೇ ಮುಂದುವರಿಯತಕ್ಕದ್ದು. ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ದೊರೆತಿರುವ ಫಿರಂಗಿಯನ್ನು 'ಹೆಚ್ಚುವರಿ' ಎಂದು ದಾಖಲಿಸತಕ್ಕದ್ದು.

7. ಹೆಚ್ಚುವರಿ ಫಿರಂಗಿಗೆ ಕಾವಲುಗಾರರೇ ಇಲ್ಲದಿರುವುದು ಗಂಭೀರ ಲೋಪವಾಗಿದೆ. ಹರಳೆಣ್ಣೆ ಸವರುವುದರಲ್ಲಿ ಹನ್ನೊಂದು ವರ್ಷದ ಅನುಭವವಿರುವ ಜಟ್ಟಪ್ಪನವರನ್ನು ಇಂದಿನಿಂದಲೇ ಈ ಹೊಸ ಹುದ್ದೆಗೆ ನೇಮಿಸಿದೆ. ಹಳೆಯ ಫಿರಂಗಿಯನ್ನೂ ಅವರು ಬಿಡುವಿನಲ್ಲಿ ನೋಡಿಕೊಳ್ಳುವರೆಂದು ಈ ಕಚೇರಿ ನಂಬಿದೆ.

(ಸಹಿ) ಗೋಪಾಲಪ್ಪ
ಅಧೀಕ್ಷಕರು
(ಫಿರಂಗಿಯ ನಡುಭಾಗದಲ್ಲಿ ಕುಳಿತಿದ್ದವರು)

ಪ್ರತಿಗಳು:
1. ಮೇಲಧಿಕಾರಿಗಳಿಗೆ, ಮಾಹಿತಿಗಾಗಿ. ಷರಾಯಿಗಳನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದು.
2. ಶ್ರೀ ವಲೀಸಾಬ್ ಅವರಿಗೆ. ಜಮಖಾನವು ಉಲ್ಲೇಖ 3 ಆಗಿಬಿಟ್ಟಿರುವುದರಿಂದ ಮರಳಿಸಲು ಬಾರದೆಂದು ವಿಷಾದದೊಂದಿಗೆ.
3. ಶ್ರೀ ಜಟ್ಟಪ್ಪ ಅವರಿಗೆ. ಜವಾನರು ಖುದ್ದಾಗಿ ಹೋಗಿ ಓದಿ ಹೇಳತಕ್ಕದ್ದು. ಅವರು ಊಟಕ್ಕೆ ಕುಳಿತಿದ್ದಲ್ಲಿ, ಕೈ ತೊಳೆಯುವವರೆಗೆ ನಿಂತು ಕಾಯತಕ್ಕದ್ದು.