ಮಾವ ಬದಲಿಸಿದ ಗಿರಣಿ

ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಇಡೀ ದಿನ ಹಿಡಿಯುವ ಗಂಡಸರಲ್ಲಿ ನಾನೂ ಒಬ್ಬ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಹೊಸದು ಬಂದಾಗಲೆಲ್ಲ ಅದನ್ನು ಕೈಯಾರೆ ಹಾಕುತ್ತೇನೆ. ಮೊದಲು ಎಲ್ಲದರ ನಕಲು. ಆಮೇಲೆ ಕರ್ನಲ್, ಅಂದರೆ ಒಳಗೆ ಕೂತು ಯಂತ್ರ ಓಡಿಸುವ ತಿರುಳು. ಹಳೇ ಸಲಕರಣೆಗಳ, ಅಂದರೆ ಅದರ ಮೇಲೆ ಓಡುವ ಉಳಿದ ತಂತ್ರಾಂಶಗಳ ಜೊತೆ ಅದು ಸರಿಯಾಗಿ ಓಡಿದರೆ ಮಾತ್ರ ಸಲಕರಣೆಗಳ ಸರದಿ. ಹಳೇ ಕರ್ನಲ್ಲನ್ನು ಅಳಿಸುವ ಮಾತೇ ಇಲ್ಲ. "ಇಷ್ಟ ಅಂಜಿಕಿ ಇದ್ರ ಯಾಕ ಬದಲಿ ಮಾಡ್ತೀರಿ?" ಎನ್ನುತ್ತಾಳೆ ಹೆಂಡತಿ. ಈ ಅಂಜಿಕೆಯನ್ನು ಹಚ್ಚಿದವನು ನನ್ನ ಸೋದರಮಾವ.

ಎಪ್ಪತ್ತರ ದಶಕದಲ್ಲಿ ಬಸವನ ಬಾಗೇವಾಡಿಯಲ್ಲಿ ಅಪ್ಪನದೊಂದು ಹಿಟ್ಟಿನ ಗಿರಣಿ ಇತ್ತು. ಡೀಸೆಲ್ ಎಂಜಿನ್ ತೆಗೆದು ಕರೆಂಟಿನ ಮೋಟಾರು ಕೂಡಿಸಬೇಕು, ಅದು ಹಳೇ ಕಲ್ಲಿನ ಜೊತೆ ಪಳಗಿದ ಮೇಲೆ ಹೊಸ ಕಲ್ಲು ಹಾಕಬೇಕು ಎಂದು ಹೇಳಿ ಅಪ್ಪ ನೆಂಟರ ಲಗ್ನಕ್ಕೆಂದು ಸಿಂದಗಿಗೆ ಹೋದ. ಮುದ್ದೇಬಿಹಾಳದಿಂದ ಬಂದಿದ್ದ ಮಾವನಿಗೆ ತಾಳ್ಮೆ ಹುಟ್ಟಿನಿಂದಲೇ ಇರಲಿಲ್ಲ. "ಎಳ್ಳಮಾಸಿ ಬಂತಕ್ಕಾ, ಒಮ್ಮೆಲೆ ಮುಗಿಸಿ ಬಿಡ್ತೇನಿ" ಎಂದು ಅವ್ವನಿಗೆ ಹೇಳಿ, ಮೋಟಾರು, ಕಲ್ಲು ಎರಡನ್ನೂ ಒಂದೇ ದಿನ ಬದಲಿಸಿದ. ಹಳೆಯವೆಲ್ಲ ಮಾರಾಟವಾಗಿ, ಬಂಡಿಯೇರಿ ಹೂವಿನ ಹಿಪ್ಪರಗಿಗೆ ಹೋದವು.

ಎಳ್ಳಮಾವಾಸ್ಯೆಯ ಹಿಂದಿನ ದಿನ ಬೆಳಗ್ಗೆ ಇಡೀ ಓಣಿಯ ಜೋಳ ಬೀಸಿದ್ದಾಯಿತು. ಮರುದಿನ ಎಲ್ಲರೂ ರೊಟ್ಟಿ, ಕಡಬು ಹೊತ್ತು ಭೂತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಲು ಹೋಗಬೇಕು. ಆದರೆ ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಹಿಟ್ಟಿನ ಡಬ್ಬಿ ಹಿಡಿದು ತಿರುಗಿ ಬಂದರು.

"ಏನೋ ತಮ್ಮಾ, ಹಿಟ್ಟ ಸುಟ್ಟ ಇಟ್ಟೀಯಲ್ಲ! ಜಿಗಿನs ಇಲ್ಲ, ರೊಟ್ಟಿ ಬಡದ್ರ ಹರೀತಾವು. ಬಾಯಾಗ ಇಟ್ರ ಕರಕರ ಮಣ್ಣು!"

ತಪ್ಪು ಮೋಟಾರಿನ ವೇಗದ್ದೋ, ಪಳಗದ ಕಲ್ಲಿನದೋ? ಎರಡೂ ಹೊಸವು. ಅತ್ತೆ ಸೊಸೆ ಇಬ್ಬರೂ ಹೊಸಬರಾದ ಮನೆಯಲ್ಲಿ ಜಗಳ ಹಚ್ಚಿದವರು ಯಾರೆಂದು ಹೇಳುವುದು ಹೇಗೆ? ಮಾವ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾಗಲೇ ಅಪ್ಪ ಬಸ್ಸಿಳಿದು ಬಂದ. ಗಿರಣಿ ನೋಡಿದ, ಮಾವನನ್ನು ನೋಡಿದ.

"ನಿನ್ನ ತಮ್ಮಗ ಒಂದ ಕಪ್ ಚಾ ಕೊಡು," ಎಂದ ಅವ್ವನಿಗೆ. "ಕೂತ್ರ ಇನ್ನೇನೂ ಬದಲಿ ಮಾಡಂಗಿಲ್ಲ."

ಅವ್ವ ಚಹಾ ಕೊಟ್ಟು, ಚೀಲಗಳ ಹಿಂದೆ ಬಿದ್ದಿದ್ದ ಬೀಸುಕಲ್ಲನ್ನು ಎಳೆದು ಒರೆಸಿದಳು. ನೋಡನೋಡುತ್ತ ಓಣಿಯ ಮನೆಮನೆಯಲ್ಲೂ ಬೀಸುಕಲ್ಲು ಹೊರಬಂದವು. ಬೇರೆಯವರ ಜೋಳ ಕೆಡಿಸಿದ್ದಕ್ಕೆ ನಮ್ಮ ಮನೆಯ ಜೋಳವನ್ನೇ ಬೀಸಿ ಕೊಡಬೇಕಾಗಿತ್ತು. ಗಿರಣಿಯ ಮಾಲೀಕ ಅಪ್ಪ ಅವ್ವನ ಎದುರು ಕೂತು ಗೂಟ ಹಿಡಿದ. ಸ್ವಲ್ಪ ಹೊತ್ತಿಗೆ ಅವನ ರಟ್ಟೆ ಸೋತವು. ಅವ್ವ ಇಬ್ಬರ ಪಾಲಿನದೂ ತಾನೇ ತಿರುವುತ್ತ, ಅವನ ಕೈ ಮಾತ್ರ ಗೂಟದ ಮೇಲೆ ಇರಗೊಟ್ಟಳು. ಓಣಿಯ ರೊಟ್ಟಿ ಮರುದಿನ ಹೊಲ ಮುಟ್ಟಿದವು.

ಹೋದ ವಾರ ಹೊಸ ಕರ್ನಲ್ ಹಾಕಿ ಯಂತ್ರ ಮತ್ತೆ ಚಾಲೂ ಮಾಡಿದಾಗ ಪರದೆ ಕಪ್ಪಾಗಿ ಕೂತಿತು. ಹೆಂಡತಿಯನ್ನು ಕರೆದೆ.

"ಇದರಾಗ ನನಗೇನ ತಿಳೀತೈತ್ರಿ?"

"ಏನೂ ತಿಳಿಯೂದು ಬ್ಯಾಡ. ಇಲ್ಲಿ ಕೂಡು."

ಕೂತಳು. ಪರದೆ ಬೆಳಗಿತು. ಆಕೆ ಬಗ್ಗಿ ನೋಡಿದಳು. "ಮೊದಲಿನಂಗs ಐತಲ್ರಿ. ಹೊಸಾದು ಎಲ್ಲೈತಿ?"

ನನಗೂ ಕಾಣಲಿಲ್ಲ. ಹಾಗೆಂದರೆ ಆಕೆ ಎದ್ದು ಹೋದಾಳೆಂದು, ಇನ್ನೂ ಸ್ವಲ್ಪ ಹೊತ್ತು ಹುಡುಕಿದೆ.